ಒಂದು ಪೆನ್ನಿಯ ಸೂರು

ನಮ್ಮ ಸ್ಯಾಂಡ್‌ಹೋಮಿಗೆ ರಜೆ ಕಳೆಯಲು ಬರುವವರ ಮೇಲೆ ನನಗೆ ಎಳ್ಳಷ್ಟೂ ಗೌರವವಿಲ್ಲ. ವರ್ಷವಿಡೀ ಗಿರಣಿಯಲ್ಲಿ ಹತ್ತಿಯ ಧೂಳು ಕುಡಿಯುತ್ತಾರೆ. ಗಿರಣಿ ಬಾಗಿಲು ಹಾಕುವ ಆ ಒಂದು ವಾರಕ್ಕೆಂದು ಕಾಸು ಕೂಡಿಟ್ಟು, ರೈಲು ಹತ್ತಿ ಇಲ್ಲಿಗೆ ಬಂದು, ಸಮುದ್ರದ ಎದುರು ಕೋಟು ಹಾಕಿಕೊಂಡು ಕೂತು, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ, ಬಹಳ ಚೆನ್ನಾಗಿತ್ತು ಎಂದು ಹೇಳಿಕೊಂಡು ಊರಿಗೆ ಮರಳುತ್ತಾರೆ. ಮುಂದಿನ ವರ್ಷ ಮತ್ತೆ ಅದೇ ಮನೆ, ಅದೇ ಕೋಣೆ, ಅದೇ ಮಳೆ. ಇವರಿಗೆ ಬುದ್ಧಿ ಹೇಳುವವರು ಊರಲ್ಲಿ ಯಾರೂ ಇಲ್ಲ. ಹೇಳುವುದಾದರೂ ಹೇಗೆ, ಇವರ ದಡ್ಡತನದ ಮೇಲೇ ಊರು ನಿಂತಿದೆ. ನನ್ನ ಹೊಟ್ಟೆಪಾಡೂ ಅದರಲ್ಲೇ ನಡೆಯುತ್ತಿತ್ತು.

ನಾನು ಮ್ಯೂರಿಯೆಲ್ ಎಂಟ್ವಿಸಲ್. ಸಮುದ್ರದೊಳಕ್ಕೆ ಚಾಚಿಕೊಂಡ ಎರಡು ಮರದ ಸೇತುವೆಗಳಿವೆಯಲ್ಲ, ಅವುಗಳಲ್ಲಿ ಉತ್ತರದ ಸೇತುವೆಯ ಬುಡದಲ್ಲಿ ಕ್ಲೆಗ್ ಎನ್ನುವವನ ಆಟದಂಗಡಿ ಇತ್ತು. ಅಲ್ಲಿಯ ಚಿಲ್ಲರೆ ಗೂಡಿನಲ್ಲಿ ಕೂತಿರುತ್ತಿದ್ದವಳು ನಾನೇ. ಜನ ಒಂದು ಶಿಲ್ಲಿಂಗು ಕೊಟ್ಟರೆ ನಾನು ಹನ್ನೆರಡು ಪೆನ್ನಿ ಕೊಡಬೇಕು. ಹಳೆಯ ಕಾಲದ ಆ ದೊಡ್ಡ ತಾಮ್ರದ ಪೆನ್ನಿ ಮುಟ್ಟಿ ಮುಟ್ಟಿ ನನ್ನ ಬೆರಳು ಸದಾ ಹಸಿರುಗಪ್ಪಾಗಿರುತ್ತಿತ್ತು. ಒಂದು ಯಂತ್ರಕ್ಕೆ ಪೆನ್ನಿ ಹಾಕಿದರೆ ಗಾಜಿನೊಳಗೆ ಜೈಲಿನ ಬಾಗಿಲು ತೆರೆದು, ಬೆರಳುದ್ದದ ಕೈದಿಯನ್ನು ಗಲ್ಲಿಗೇರಿಸುತ್ತಾರೆ. ಇನ್ನೊಂದರಲ್ಲಿ ಗೋರಿಗಳ ಮುಚ್ಚಳ ಎದ್ದು ಎಲುಬುಗೂಡುಗಳು ಇಣುಕುತ್ತವೆ. ಮತ್ತೊಂದರಲ್ಲಿ ಮೇಣದ ಮುದುಕಿಯೊಬ್ಬಳು ಕೈಯಾಡಿಸಿ ಭವಿಷ್ಯದ ಚೀಟಿ ಉಗುಳುತ್ತಾಳೆ. ಬಂದವರಿಗೆಲ್ಲ ದೂರ ಪ್ರಯಾಣ, ಬಂದವರಿಗೆಲ್ಲ ಎತ್ತರದ ಗಂಡಸಿನ ಪರಿಚಯ. ಮೊಮ್ಮಕ್ಕಳಿರುವ ಹೆಂಗಸರು ಅದನ್ನು ಓದಿ ಕೆಂಪಾಗುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಇವರೆಲ್ಲ ನಮ್ಮ ಅಂಗಡಿಗೆ ಬರುತ್ತಿದ್ದುದು ಆಟದ ಆಸೆಗಲ್ಲ. ಹೋಗಲು ಬೇರೆ ಜಾಗ ಇರಲಿಲ್ಲ. ವಸತಿಮನೆಯ ಒಡತಿಯರು ಬೆಳಗಿನ ತಿಂಡಿ ಕೊಟ್ಟು ಹತ್ತು ಗಂಟೆಗೆ ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಿದರೆಂದರೆ ಮತ್ತೆ ತೆರೆಯುವುದು ಸಂಜೆ ಐದಕ್ಕೆ. ಮಳೆ ಬರಲಿ, ಆಲಿಕಲ್ಲು ಬೀಳಲಿ, ಹೆಂಗಸು ಬಸುರಿಯಾಗಿರಲಿ, ಅದು ಕಟ್ಟಳೆ. ದುಡ್ಡು ಕೊಟ್ಟು ಉಳಿದುಕೊಂಡ ಮನೆಯ ಒಳಗೆ ಹಗಲು ಕಾಲಿಡುವ ಹಾಗಿಲ್ಲ. ಸ್ನಾನಕ್ಕೆ ಬೇರೆ ದುಡ್ಡು. ಮೇಜಿನ ಮೇಲಿಟ್ಟ ಉಪ್ಪು ಮೆಣಸಿನಪುಡಿ ಉದುರಿಸಿಕೊಂಡರೆ ಅದಕ್ಕೂ ಬೇರೆ ದುಡ್ಡು. ಇದನ್ನೆಲ್ಲ ಗಿರಣಿಯ ಜನ, ಮುಷ್ಕರ ಮಾಡಿ ಮಾಲೀಕರ ಬೆವರಿಳಿಸುವ ಜನ, ಒಬ್ಬ ಒಡತಿಯ ಏಪ್ರನ್ನಿನ ಎದುರು ಕೋಲೆಬಸವನ ಹಾಗೆ ತಲೆಯಾಡಿಸಿ ಒಪ್ಪಿಕೊಳ್ಳುತ್ತಿದ್ದರು. ಮಳೆ ಬಂದರೆ ನಮ್ಮ ಅಂಗಡಿಯಲ್ಲಿ ಕುರಿಗಳ ಹಾಗೆ ಒತ್ತೊತ್ತಾಗಿ ನಿಂತು ಹಬೆಯಾಡುತ್ತಿದ್ದರು. ಮಳೆಗಾಗಿ ಕ್ಲೆಗ್ ದೇವರಿಗೆ ಮೊರೆಯಿಡುತ್ತಿದ್ದ.

ಒಡತಿಯರಲ್ಲೆಲ್ಲ ಬಿಗಿಯಾದವಳು ಹೆಟ್ಟಿ ಟ್ಯಾಟರ್ಸಾಲ್. ಅವಳ ಮನೆಯ ಹೆಸರು ಬಾಲ್ಮೋರಲ್. ಅರಮನೆಯ ಹೆಸರಿಟ್ಟುಕೊಂಡ ಆ ಮನೆಯಲ್ಲಿ ಕಿಟಕಿ ತೆರೆದರೆ ಗ್ಯಾಸ್ ಕಾರ್ಖಾನೆ ಕಾಣುತ್ತದೆ. "ದಿನಾ ಇಡೀ ಮನೆ ಉಜ್ಜಬೇಕು, ಅಡಿಗೆ ಆಗಬೇಕು. ನೀವು ಕಾಲಿಗೆ ಸಿಕ್ಕಿಕೊಂಡ್ರೆ ನಾನು ಯಾವಾಗ ಮಾಡ್ಲಿ?" ಎಂದು ಅವಳು ಬಾಡಿಗೆಯವರಿಗೆ ಹೇಳುತ್ತಿದ್ದಳು. ಅಡಿಗೆ ಎಂದರೆ ಡಬ್ಬಿಯಿಂದ ತೆಗೆದ ಹಂದಿಮಾಂಸದ ಎರಡು ತೆಳು ಹೋಳು, ಒಂದು ಸೊಪ್ಪಿನೆಲೆ, ಅರ್ಧ ಟೊಮ್ಯಾಟೊ. ಅದನ್ನು ಮಾಡಲು ಅಷ್ಟು ಹೊತ್ತು ಬೇಕಾದರೆ ಅವಳು ಟೊಮ್ಯಾಟೊ ಬೆಳೆದೇ ತರುತ್ತಿರಬೇಕು ಎಂದು ನಾನು ಅಂದುಕೊಳ್ಳುತ್ತಿದ್ದೆ.

ಅವಳು ಹತ್ತು ಗಂಟೆಗೆ ಬಾಡಿಗೆಯವರ ಜೊತೆಗೆ ತಾನು ಕಟ್ಟಿಕೊಂಡ ಗಂಡನನ್ನೂ ಹೊರಗೆ ಹಾಕುತ್ತಿದ್ದಳು.

ಆ ಗಂಡನ ಹೆಸರು ಎಡ್ಗರ್. ಅರ್ಧ ಆಯುಸ್ಸು ಗಿರಣಿಯಲ್ಲಿ ಹತ್ತಿ ಹಿಂಜುವ ಕೋಣೆಯಲ್ಲಿ ದುಡಿದು ಎದೆ ತುಂಬ ಧೂಳು ತುಂಬಿಕೊಂಡವನು. ಗಿರಣಿಯವರು ಕೈಯೆತ್ತಿ ಕೊಟ್ಟ ಪರಿಹಾರದಲ್ಲೇ ಬಾಲ್ಮೋರಲ್ ಕೊಂಡದ್ದು. ಮಳೆಯಲ್ಲಿ ಇನ್ನೊಮ್ಮೆ ನೆನೆದು ಎದೆಯಲ್ಲಿ ನೀರು ತುಂಬಿದರೆ ಮತ್ತೆ ಏಳುವುದಿಲ್ಲ ಎಂದು ವೈದ್ಯರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಹೆಟ್ಟಿ ಅದಕ್ಕೆ, "ಗಂಡನ್ನ ಒಳಗಿಟ್ಕೊಂಡು ಅವರನ್ನ ಮಾತ್ರ ಹೊರಗೆ ಹಾಕಿದ್ರೆ ಜನ ಏನಂತಾರೆ? ಕಟ್ಟಳೆ ಅಂದ್ಮೇಲೆ ಎಲ್ಲರಿಗೂ ಒಂದೇ" ಎಂದಿದ್ದಳಂತೆ. ಇದನ್ನು ನನಗೆ ಹೇಳಿದವನು ಎಡ್ಗರನೇ, ಅದೂ ಹೆಂಡತಿಯ ನ್ಯಾಯಬುದ್ಧಿಗೆ ತಲೆದೂಗುತ್ತ. ಬಾಗಿಲಲ್ಲಿ ಅವನ ಕೈಗೆ ದಿನಕ್ಕೊಂದು ಪೆನ್ನಿ ಇಡುತ್ತಿದ್ದಳು. ಒಂದೇ ಒಂದು.

ಒಂದು ಪೆನ್ನಿಯಲ್ಲಿ ಹಗಲಿಡೀ ಒಂದು ಸೂರಿನ ಕೆಳಗೆ ಹೇಗಿರುವುದು? ಕ್ಲೆಗ್ ಕೂಡ ಕಡಿಮೆ ಆಸಾಮಿಯಲ್ಲ. ಆಡದೆ ನಿಂತವರನ್ನು ಅವನು ಹೊರಗೆ ಕಳಿಸುತ್ತಿದ್ದ. "ಇದು ಧರ್ಮಛತ್ರ ಅಲ್ಲ. ಆಡ್ತೀರಾ, ಇರಿ. ಇಲ್ವಾ, ನಡೀರಿ" ಎನ್ನುತ್ತ ಬೆತ್ತ ತಿರುಗಿಸಿಕೊಂಡು ಓಡಾಡುತ್ತಿದ್ದ. ಆದರೆ ಎಡ್ಗರನಿಗೆ ಮೂಲೆಯ ಒಂದು ಯಂತ್ರ ಒಲಿದಿತ್ತು. ಗೋಡೆಗೆ ತಗುಲಿಸಿದ ಪೆಟ್ಟಿಗೆ. ಪೆನ್ನಿ ಹಾಕಿದರೆ ಒಂದು ಉಕ್ಕಿನ ಗುಂಡು ಬರುತ್ತದೆ. ಹೆಬ್ಬೆರಳಿನಿಂದ ಒಂದು ಪುಟ್ಟ ಸನ್ನೆಕೋಲು ಮೀಟಿದರೆ ಗುಂಡು ಗಾಜಿನ ಹಿಂದೆ ಸುತ್ತು ಹಾಕಿ ಯಾವುದೋ ಒಂದು ಬಟ್ಟಲಿಗೆ ಬೀಳುತ್ತದೆ. ಬಹಳ ಬಟ್ಟಲುಗಳು ಸೋಲಿನವು. ಗೆಲುವಿನದಕ್ಕೆ ಬಿದ್ದರೆ ಹಾಕಿದ ಪೆನ್ನಿ ವಾಪಸ್ಸು. ಎಡ್ಗರ್ ಅದನ್ನು ಎಷ್ಟು ಹಗುರವಾಗಿ ಮೀಟುತ್ತಿದ್ದನೆಂದರೆ ಗುಂಡು ಮನೆಯ ದಾರಿ ಹಿಡಿದ ಹಸುವಿನ ಹಾಗೆ ಅದೇ ಬಟ್ಟಲಿಗೆ ಹೋಗಿ ಕೂರುತ್ತಿತ್ತು. ಪೆನ್ನಿ ಹಾಕುವುದು, ಮೀಟುವುದು, ಪೆನ್ನಿ ತೆಗೆದುಕೊಳ್ಳುವುದು, ಮತ್ತೆ ಹಾಕುವುದು. ಅದೇ ಪೆನ್ನಿ ಬೆಳಗಿನಿಂದ ಸಂಜೆವರೆಗೆ. ಕ್ಲೆಗ್‌ಗೆ ಹೊಟ್ಟೆಯುರಿ, ಆದರೆ ಆಡುತ್ತಿರುವವನನ್ನು ಓಡಿಸುವುದು ಹೇಗೆ?

ನಾನು ಗೂಡಿನಿಂದಲೇ ಕೆಣಕುತ್ತಿದ್ದೆ. "ಏನಯ್ಯ ಎಡ್ಗರ್, ಇವತ್ತಾದ್ರೂ ಸೋಲ್ತೀಯೋ ಇಲ್ವೋ?"

"ಸೋತ್ರೆ ಎಲ್ಲಿಗೆ ಹೋಗ್ಲಿ ಮ್ಯೂರಿಯೆಲ್" ಎನ್ನುತ್ತಿದ್ದ, ಗುಂಡಿನಿಂದ ಕಣ್ಣು ತೆಗೆಯದೆ.

"ಮನೆಗೆ ಹೋಗು. ನಿಂದೇ ಮನೆ. ನಿನ್ನ ಎದೆ ಮಾರಿ ತಗೊಂಡ ಮನೆ."

"ನೆಲ ಒರೆಸಿರ್ತಾಳೆ, ಒದ್ದೆ ಇರತ್ತೆ."

"ನಿನ್ನ ತಲೆ ಒದ್ದೆ ಇದೆ ಕಣಯ್ಯ."

ಅವನು ನಗುತ್ತಿದ್ದ, ಆಮೇಲೆ ಕೆಮ್ಮುತ್ತಿದ್ದ. ನನಗೆ ಅವನ ಮೇಲೆ ಕರುಣೆ ಇತ್ತು ಎಂದುಕೊಂಡರೆ ತಪ್ಪು. ಸಿಟ್ಟಿತ್ತು. ತುಳಿಯುವವರಿಗಿಂತ, ಇಲ್ಲಿ ತುಳಿಯಿರಿ ಎಂದು ಬೆನ್ನು ತೋರಿಸುವವರನ್ನು ಕಂಡರೆ ನನಗೆ ಹೆಚ್ಚು ಅಸಹ್ಯ.

ಎಪ್ಪತ್ತೊಂದನೆಯ ಇಸವಿಯ ಫೆಬ್ರವರಿಯಲ್ಲಿ ಸರ್ಕಾರ ಹೊಸ ನಾಣ್ಯ ತಂದಿತು. ಹೊಸ ಪೆನ್ನಿ ಅಂಗಿಯ ಗುಂಡಿಯಷ್ಟು ಇತ್ತು, ನಮ್ಮ ಯಂತ್ರಗಳಿಗೆ ಅದು ಹೊಂದುತ್ತಿರಲಿಲ್ಲ. ಹಳೆಯ ಪೆನ್ನಿ ಆಗಸ್ಟ್ ಮುಗಿಯುವವರೆಗೆ ಮಾತ್ರ ನಡೆಯುತ್ತದೆ ಎಂದರು. ಕ್ಲೆಗ್ ಹಳೆಯ ಯಂತ್ರಗಳನ್ನೆಲ್ಲ ಲಂಡನ್ನಿನ ಒಬ್ಬ ಹಳೆ ಸಾಮಾನಿನ ವ್ಯಾಪಾರಿಗೆ ಮಾರಿಬಿಟ್ಟ. ಆ ಮಹಾಶಯ ರೇಷ್ಮೆ ಕರವಸ್ತ್ರ ಕುತ್ತಿಗೆಗೆ ಸುತ್ತಿಕೊಂಡು ಬಂದು, ಕೈದಿಯನ್ನು ಗಲ್ಲಿಗೇರಿಸುವ ಪೆಟ್ಟಿಗೆಯನ್ನು ಸವರಿ, "ಎಷ್ಟು ಮುದ್ದಾಗಿದೆ ನೋಡಿ, ಜನಜೀವನ ಅಂದ್ರೆ ಇದು" ಎಂದ. ಜನಜೀವನ ಅವನ ಹಿಂದೆಯೇ ನಿಂತು ಒದ್ದೆ ಸಾಕ್ಸ್ ಹಿಂಡುತ್ತಿತ್ತು, ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ. ಹಳೆಯದರ ಜಾಗಕ್ಕೆ ಬರುವ ಹೊಸ ಯಂತ್ರಗಳಲ್ಲಿ ನಾಣ್ಯದ ರಾಶಿಯೊಂದು ಅಂಚಿನಲ್ಲಿ ಈಗ ಬಿತ್ತು, ಇಗೋ ಬಿತ್ತು ಎನ್ನುವ ಹಾಗೆ ನಿಂತಿರುತ್ತದೆ. ಬೀಳುವುದಿಲ್ಲ. ಅಲ್ಲಿ ಹೆಬ್ಬೆರಳಿಗೆ ಕೆಲಸವಿಲ್ಲ, ಹಾಕಿದ್ದು ಹೋಯಿತು ಅಷ್ಟೆ.

ಆಗಸ್ಟಿನ ಕೊನೆಯ ವಾರ ಲಾರಿ ಬಂತು. ಅವತ್ತು ಬೆಳಗಿನಿಂದ ಮಳೆ, ಅದೂ ಸಮುದ್ರದಿಂದ ಅಡ್ಡಲಾಗಿ ಹೊಡೆಯುವ ಮಳೆ. ಅಂಗಡಿ ತುಂಬ ಜನ. ಆಳುಗಳು ಒಂದೊಂದೇ ಯಂತ್ರ ಕಳಚಿ ಹೊತ್ತುಕೊಂಡು ಹೋದ ಹಾಗೆಲ್ಲ ಕ್ಲೆಗ್ ಜನರನ್ನು ಬಾಗಿಲ ಕಡೆ ತಳ್ಳಿದ. ಎಡ್ಗರ್ ಕೊನೆಯ ತನಕ ಮೂಲೆಯಲ್ಲಿ ಮೀಟುತ್ತಲೇ ಇದ್ದ. ಗುಂಡು ಬಟ್ಟಲಿಗೆ ಬಿತ್ತು. ಅವನು ಪೆನ್ನಿ ತೆಗೆದುಕೊಳ್ಳುವ ಮೊದಲೇ ಇಬ್ಬರು ಬಂದು ಪೆಟ್ಟಿಗೆಯನ್ನು ಗೋಡೆಯಿಂದ ಎತ್ತಿದರು.

"ನನ್ನ ಪೆನ್ನಿ ಒಳಗಿದೆ" ಎಂದ ಎಡ್ಗರ್.

"ಸೋತೆ ಅಂದ್ಕೊ" ಎಂದ ಕ್ಲೆಗ್. "ಇಷ್ಟು ವರ್ಷ ಬಿಟ್ಟಿ ಬಿದ್ದಿದ್ದೀಯಲ್ಲ, ಸಾಲ್ದಾ? ನಡಿ ಆಚೆ."

ಎಡ್ಗರ್ ಕ್ಷಮಿಸಿ ಎಂದ. ಪೆನ್ನಿ ನುಂಗಿದವನಿಗೆ ಇವನು ಕ್ಷಮೆ ಕೇಳಿದ. ಹ್ಯಾಟು ಹಾಕಿಕೊಂಡು, ಕೋಟಿನ ಕೊರಳಪಟ್ಟಿ ಎತ್ತಿಕೊಂಡು ಮಳೆಗೆ ಇಳಿದೇಬಿಟ್ಟ. ಅವನಿಗೆ ಮಳೆ ಎಂದರೆ ಏನೆಂದು ಊರಿಗೆಲ್ಲ ಗೊತ್ತು. ನನಗೆ ಎಲ್ಲಿತ್ತೋ ಕೋಪ. ಚಿಲ್ಲರೆ ಗೂಡಿನ ಕಿಟಕಿ ದಬಾರನೆ ಎಳೆದು, ಕೊಡೆ ತೆಗೆದುಕೊಂಡು ಹಿಂದೆಯೇ ಹೋದೆ. ಕ್ಲೆಗ್ ಕೂಗಿದ. ನನ್ನ ಪಾಲಿಗೆ ಕ್ಲೆಗ್ ಆಗಲೇ ಸತ್ತಿದ್ದ.

ಸೇತುವೆಯ ಮುಂದೆ ಬಾಲ್ಮೋರಲ್ಲಿನ ಬಾಡಿಗೆಯವರೆಲ್ಲ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಅವರ ಮುಂದಾಳು ಓಲ್ಡಮ್ ಎಂಬ ಗಿರಣಿ ಊರಿನಿಂದ ಬಂದ ಗ್ರಿಮ್ಶಾ ಎಂಬ ದಪ್ಪ ಮನುಷ್ಯ, ಅಲ್ಲಿ ಕಾರ್ಮಿಕ ಸಂಘದ ಏನೋ ದೊಡ್ಡವನಂತೆ.

"ಏನ್ರೀ, ನಿಮಗೆ ನಾಚಿಕೆ ಆಗಲ್ವಾ?" ಎಂದೆ. "ಮನೆಗೆ ದುಡ್ಡು ಕೊಟ್ಟಿದ್ದೀರಿ, ಬೀದೀಲಿ ನಿಂತಿದ್ದೀರಿ. ಈ ಮನುಷ್ಯ ಇವತ್ತು ನೆನೆದ್ರೆ ಸಾಯ್ತಾನೆ. ಬನ್ನಿ, ಎಲ್ಲಾ ಸೇರಿ ಹೋಗಿ ಬಾಗಿಲು ತೆಗೆಸೋಣ."

ಆಶ್ಚರ್ಯವೆಂದರೆ ಅವರು ಬಂದರು. ಗ್ರಿಮ್ಶಾ ಎದೆಯುಬ್ಬಿಸಿ, "ಹೌದು, ನ್ಯಾಯ ಅಂದ್ರೆ ನ್ಯಾಯ. ಒಗ್ಗಟ್ಟಾಗಿ ಕೇಳ್ಬೇಕು" ಎಂದ. ನೀರು ಚಿಮ್ಮಿಸಿಕೊಂಡು, ಮಾತಾಡಿಕೊಂಡು, ಒಬ್ಬಳು ಹಾಡು ಬೇರೆ ಗುನುಗಿಕೊಂಡು ಹೊರಟೆವು. ಬಾಲ್ಮೋರಲ್ಲಿನ ಬೀದಿ ಬರುತ್ತಲೇ ದನಿ ತಗ್ಗಿತು. ಗೇಟಿನ ಹತ್ತಿರ ಪಿಸುಮಾತಾಯಿತು. ಮೆಟ್ಟಿಲ ಮುಂದೆ ಅದೂ ನಿಂತಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

"ಬಾಗಿಲ ಗಂಟೆ ನೀವು ಒತ್ತಿ" ಎಂದಳು ಗ್ರಿಮ್ಶಾನ ಹೆಂಡತಿ.

"ಮೊದಲು ಎಡ್ಗರ್ ಅವರು. ಮನೆಯವರು" ಎಂದ ಗ್ರಿಮ್ಶಾ.

"ಅಯ್ಯೋ, ನಂದೇನೂ ಅವಸರ ಇಲ್ಲ" ಎಂದ ಎಡ್ಗರ್, ಹಲ್ಲು ಕಟಕಟಿಸುತ್ತ.

ಅವರನ್ನು ನೆಚ್ಚಿಕೊಂಡರೆ ಆಗುವುದಿಲ್ಲವೆಂದು ನಾನೇ ಗಂಟೆ ಒತ್ತಿದೆ. ಒಳಗೆ ಸದ್ದಾಯಿತು. ಯಾರೂ ಬರಲಿಲ್ಲ. ಇನ್ನೊಮ್ಮೆ ಬೆರಳು ಇಡಲು ಹೋದರೆ ಗ್ರಿಮ್ಶಾ ನನ್ನ ಕೈ ತಡೆದ. "ಬೇಡ ಕಣಮ್ಮ. ಒಂದ್ಸಲ ಒತ್ತಿದ್ದಾಯ್ತು, ಎರಡನೇ ಸಲ ಒತ್ತಿದ್ರೆ ಒರಟುತನ ಆಗತ್ತೆ. ಪಾಪ, ಮಿಸೆಸ್ ಟ್ಯಾಟರ್ಸಾಲ್ ಒಳಗೆ ಉಜ್ಜುತ್ತಾ ಇರ್ತಾರೆ, ಕೇಳಿಸಿರಲ್ಲ. ಕಾಯೋಣ."

ಕಾಯುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆ ಜನರ ಮುಖ ಅರಳಿತು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ಒಬ್ಬರ ಹಿಂದೊಬ್ಬರು ನಿಂತು ಸಾಲು ಕಟ್ಟಿದರು. ಮುಂದೆ ಎಡ್ಗರ್, ಅವನ ಹಿಂದೆ ಗ್ರಿಮ್ಶಾ, ಅವನ ಹಿಂದೆ ಹೆಂಡತಿ, ಹೀಗೆ ಗೇಟು ದಾಟಿ ಬೀದಿಯವರೆಗೆ. ದಾರಿಯಲ್ಲಿ ಹೋಗುತ್ತಿದ್ದವರು ನೋಡಿದರು. ಸಾಲು ಇದ್ದ ಮೇಲೆ ಅದರ ತುದಿಯಲ್ಲಿ ಏನೋ ಒಳ್ಳೆಯದು ಇದ್ದೇ ಇರಬೇಕೆಂದು ಅವರೂ ಬಂದು ಹಿಂದೆ ಸೇರಿಕೊಂಡರು. ಒಬ್ಬಳು ಏನು ಸಿಗುತ್ತದೆ ಎಂದು ಕೇಳಿದಳು. ಏಡಿ ಇರಬೇಕು ಎಂದ ಮುಂದಿನವನು. ನೋಡನೋಡುತ್ತ ಸಾಲು ಮೂಲೆಯ ಲಾಂದ್ರದ ಕಂಬ ಮುಟ್ಟಿತು. ನನ್ನ ಜನ್ಮದಲ್ಲಿ ಮನುಷ್ಯರನ್ನು ಅಷ್ಟು ತುಚ್ಛವಾಗಿ ನಾನು ಕಂಡದ್ದಿಲ್ಲ.

ನಾನು ನನ್ನ ಕೊಡೆಯನ್ನು ಎಡ್ಗರನ ತಲೆಯ ಮೇಲೆ ಹಿಡಿದೆ. ಗಾಳಿಗೆ ಅದು ಏನೂ ಸಾಲದು. ಅವನ ತುಟಿ ನೀಲಿಯಾಗಿತ್ತು. ಉಸಿರು ಎಳೆದರೆ ಒಳಗೆ ಸೀಟಿ ಊದಿದ ಸದ್ದು.

"ಹಿತ್ತಲ ಬಾಗಿಲು ಇಲ್ವಾ?" ಎಂದೆ.

"ಒಳಗಿಂದ ಅಗುಳಿ ಹಾಕಿರ್ತಾಳೆ. ಮುಂದಿನ ಬಾಗಿಲಾದ್ರೆ ಬೀಗ ಅಷ್ಟೆ."

"ಅದಕ್ಕೆ ಕೀಲಿಕೈ?"

ಅವನು ನೆಲ ನೋಡಿದ. "ಕೀಲಿಕೈ ನನ್ನ ಹತ್ರ ಇದೆ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಏನಂದೆ?"

"ಮನೆ ಕೊಂಡ ದಿನದಿಂದ ಇದೆ. ಜೇಬಲ್ಲೇ ಇರತ್ತೆ."

"ಕೊಡು ಇಲ್ಲಿ."

"ಬೇಡ ಮ್ಯೂರಿಯೆಲ್. ಐದಾಗಿಲ್ಲ." ಜೇಬಿನ ಮೇಲೆ ಅಂಗೈ ಒತ್ತಿಕೊಂಡ. "ಅವಳು ಒಳಗೆ ಬೆನ್ನು ಮುರ್ಕೊಂಡು ದುಡೀತಿರ್ತಾಳೆ. ನಾನು ಒಣಗಿದ ಕೋಣೇಲಿ ಕೂತು ಅದನ್ನ ನೋಡ್ಲಾ? ಅವಳು ಕಷ್ಟ ಪಡ್ತಾಳೆ, ನಾನೂ ಇಷ್ಟು ಪಟ್ರೆ ಸರಿಹೋಯ್ತು. ಅದೇ ನ್ಯಾಯ."

"ನ್ಯಾಯನಂತೆ ನ್ಯಾಯ. ನಿನ್ನ ಶವಪೆಟ್ಟಿಗೇಲಿ ಇಡ್ತಾರೆ ನೋಡು ಆ ನ್ಯಾಯಾನ, ಪಕ್ಕದಲ್ಲಿ ಕೀಲಿಕೈ ಇಟ್ಟು. ನೀನು ಗಂಡಸಲ್ಲ ಕಣೋ, ಬಾಗಿಲ ಮುಂದಿನ ಕಾಲೊರೆಸು. ಥೂ ನಿನ್ನ." ಇನ್ನೂ ಏನೇನೋ ಅಂದೆ. ಸಾಲಿನವರು ಮುಖ ಆಚೆ ತಿರುಗಿಸಿ ಕೇಳಿಸದವರ ಹಾಗೆ ನಿಂತರು. ಎಡ್ಗರ್ ಮೆಟ್ಟಿಲ ಕಂಬಿ ಹಿಡಿದು ಬಾಗಿ ಕೆಮ್ಮಿದ. ಅವನು ಅಲ್ಲೇ, ತನ್ನದೇ ಮನೆಯ ಹೊಸ್ತಿಲ ಮುಂದೆ ಸಾಯುತ್ತಾನೆ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಆಗ ಹೆಟ್ಟಿ ಬಂದಳು. ಒಳಗಿನಿಂದಲ್ಲ, ಬೀದಿಯ ಆ ತುದಿಯಿಂದ.

ತಲೆಗೆ ಪ್ಲಾಸ್ಟಿಕ್ಕಿನ ಮಳೆಟೋಪಿ, ಒಳ್ಳೆಯ ಕೋಟು, ಕಂಕುಳಲ್ಲಿ ಒಂದು ದೊಡ್ಡ ಪಿಂಗಾಣಿ ನಾಯಿ. ದಿನವೂ ಬೀದಿ ಖಾಲಿ ಇರುವಾಗ ಬಂದು ಒಳಗೆ ಸೇರಿಕೊಳ್ಳುತ್ತಿದ್ದವಳು ಇರಬೇಕು, ಇವತ್ತು ಮೂಲೆ ತಿರುಗಿದರೆ ಮನೆಯ ಮುಂದೆ ಜಾತ್ರೆ. ಗಕ್ಕನೆ ನಿಂತಳು. ಆಮೇಲೆ ಗೋಡೆಯ ಪಕ್ಕಕ್ಕೇ ತಲೆ ತಗ್ಗಿಸಿ ಮುಂದೆ ಬರಲು ನೋಡಿದಳು. ಸಾಲಿನ ಬಾಲದಲ್ಲಿದ್ದವರು ದಾರಿಹೋಕರು, ಅವರಿಗೆ ಹೆಟ್ಟಿ ಯಾರೋ ಹೊಟ್ಟಿ ಯಾರೋ. ಒಬ್ಬ ಮುದುಕ ಕೋಲು ಅಡ್ಡ ಹಿಡಿದ.

"ಸಾಲು ಹಿಂದಿನಿಂದ ಕಣಮ್ಮ. ನಾವೆಲ್ಲ ಏನು ಹುಚ್ಚರಾ ಇಲ್ಲಿ ನಿಂತಿರೋಕೆ?"

ಇದು ನನ್ನ ಮನೆ ಎಂದು ಅವಳು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಬಾಡಿಗೆಯವರೆಲ್ಲ ತಿರುಗಿ ನೋಡುತ್ತಾರೆ. ದಿನವಿಡೀ ನೆಲ ಉಜ್ಜುವವಳು ಕಂಕುಳಲ್ಲಿ ನಾಯಿ ಇಟ್ಟುಕೊಂಡು ಎಲ್ಲಿಂದ ಬಂದಳು ಎಂದು ಕೇಳುತ್ತಾರೆ. ಹೆಟ್ಟಿ ಮಳೆಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

ನಾನು ಎಡ್ಗರನ ಭುಜ ಹಿಡಿದು ತಿರುಗಿಸಿದೆ. "ಅಲ್ಲಿ ನೋಡು."

ಅವನು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. ಹೆಂಡತಿಯ ಮುಖವನ್ನಲ್ಲ, ನಾಯಿಯನ್ನು.

"ಅದು ದಕ್ಷಿಣದ ಸೇತುವೆಯ ಬಿಂಗೊ ಅಂಗಡೀದಲ್ವಾ? ಮೇಲಿನ ಹಲಗೇಲಿ ಇಟ್ಟಿರ್ತಾರಲ್ಲ."

"ಅದೇ."

ನಮ್ಮ ಊರಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕೂಗುವ ಅಂಕೆಗಳಿಗೆ ಗುರುತು ಹಾಕಿಕೊಂಡು ಒಂದು ಆಟ ಗೆದ್ದರೆ ಕೊಡುವುದು ಒಂದು ಚೀಟಿ. ಚೀಟಿಗೆ ಬಾಚಣಿಗೆ ಬರುತ್ತದೆ, ಬೂದಿಬಟ್ಟಲು ಬರುತ್ತದೆ. ಮೇಲಿನ ಹಲಗೆಯ ನಾಯಿ ಬೇಕೆಂದರೆ ಸೀಸನ್ ಶುರುವಾದಾಗಿನಿಂದ ಒಂದು ದಿನವೂ ತಪ್ಪದೆ ಬೆಳಗಿನಿಂದ ಕೂತು, ಪೆನ್ನಿ ಸುರಿದು, ಚೀಟಿ ಕೂಡಿಸಿಡಬೇಕು. ಒಂದು ಮಧ್ಯಾಹ್ನದ ತಪ್ಪಿಗೆ ಆ ನಾಯಿ ಸಿಗುವುದಿಲ್ಲ. ಎಡ್ಗರನೂ ಆಟದಂಗಡಿಯಲ್ಲೇ ಹಗಲು ಕಳೆದವನು, ಅವನಿಗೆ ಈ ಲೆಕ್ಕ ನನ್ನಷ್ಟೇ ಗೊತ್ತು.

"ಹಾಗಾದ್ರೆ ಒಳಗೆ ಯಾರೂ ಇರ್ಲಿಲ್ಲ" ಎಂದ ಮೆಲ್ಲಗೆ.

"ಯಾರೂ ಇರ್ಲಿಲ್ಲ."

"ದಿನಾನೂ."

"ದಿನಾನೂ ಕಣಯ್ಯ."

ಎಡ್ಗರ್ ಹ್ಯಾಟು ತೆಗೆದು ಅದರ ಅಂಚಿನ ನೀರು ಚೆಲ್ಲಿದ. ಜೇಬಿನಿಂದ ಕೀಲಿಕೈ ತೆಗೆದ. ಬೀಗಕ್ಕೆ ಹಾಕಿ, ಆ ಪೆಟ್ಟಿಗೆಯ ಸನ್ನೆಕೋಲು ಮೀಟುತ್ತಿದ್ದ ಹಗುರ ಹೆಬ್ಬೆರಳಿನಲ್ಲೇ ತಿರುಗಿಸಿದ. ಬಾಗಿಲು ತೆರೆಯಿತು. ಒಳಗಿನ ಬಿಸಿ ನನ್ನ ಮುಖಕ್ಕೂ ತಾಗಿತು. ಪುಣ್ಯಾತ್ಗಿತ್ತಿ ಖಾಲಿ ಮನೆಯ ಅಗ್ಗಿಷ್ಟಿಕೆಯಲ್ಲಿ ಬೆಂಕಿ ಉರಿಸಿಟ್ಟು ಹೋಗಿದ್ದಳು, ಬಂದ ಮೇಲೆ ತನ್ನ ಕಾಲು ಕಾಯಿಸಿಕೊಳ್ಳಲು.

ಎಡ್ಗರ್ ಒಳಗೆ ಕಾಲಿಟ್ಟು ತಿರುಗಿದ. "ಬರ್ತೀಯಾ ಮ್ಯೂರಿಯೆಲ್? ಟೀ ಮಾಡ್ತೀನಿ."

"ಆಮೇಲೆ ಬರ್ತೀನಿ" ಎಂದೆ. ಆ ಸಾಲನ್ನು ಬಿಟ್ಟು ನಾನು ಯಾವ ಟೀಗೂ ಹೋಗುವಂತಿರಲಿಲ್ಲ.

ಗ್ರಿಮ್ಶಾ ಹೊಸ್ತಿಲ ಮೇಲೆ ತನ್ನ ದೊಡ್ಡ ಪಾದ ಎತ್ತಿದ್ದ. ಎಡ್ಗರ್ ಅವನನ್ನು ನೋಡಿ ಬಹಳ ಮರ್ಯಾದೆಯಿಂದ, "ತಪ್ಪು ತಿಳ್ಕೋಬೇಡಿ, ಇನ್ನೂ ಐದಾಗಿಲ್ಲ" ಎಂದು ಹೇಳಿ ಬಾಗಿಲು ಮುಚ್ಚಿದ. ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿಸಿತು.

ಗ್ರಿಮ್ಶಾ ಎತ್ತಿದ ಪಾದ ಇಳಿಸಿದ. ಗಡಿಯಾರ ನೋಡಿಕೊಂಡ. "ಅವರು ಹೇಳೋದೂ ಸರೀನೇ. ಐದಾಗಿಲ್ಲ" ಎಂದು ಹಿಂದಿನವರಿಗೆ ತಿಳಿಸಿದ. ಅವರು ತಮ್ಮ ಹಿಂದಿನವರಿಗೆ ತಿಳಿಸಿದರು. ಯಾರೂ ಗೊಣಗಲಿಲ್ಲ. ಮುಂದಿನ ಕೋಣೆಯ ಕಿಟಕಿಯಲ್ಲಿ ದೀಪ ಹತ್ತಿತು. ಎಡ್ಗರ್ ಒದ್ದೆ ಕೋಟು ಕಳಚಿ, ಬೆಂಕಿಗೆ ಇನ್ನೊಂದಿಷ್ಟು ಕಲ್ಲಿದ್ದಲು ಸುರಿದು, ಹೆಟ್ಟಿಯ ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳುವುದು ನನಗೆ ಕಂಡಿತು.

ಅವನು ಬಿಟ್ಟುಹೋದ ಜಾಗ ಖಾಲಿ ಬಿಡಬಾರದೆಂದು ಗ್ರಿಮ್ಶಾ ಒಂದು ಹೆಜ್ಜೆ ಮುಂದೆ ಬಂದ. ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಉಳಿದವರು, ಲಾಂದ್ರದ ಕಂಬದವರೆಗೂ ಎಲ್ಲರೂ ಒಂದೊಂದು ಹೆಜ್ಜೆ ಸರಿದರು. ಕಟ್ಟಕಡೆಯಲ್ಲಿ ಹೆಟ್ಟಿ ಟ್ಯಾಟರ್ಸಾಲ್ ನಾಯಿಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿಕೊಂಡು, ತಾನೂ ಒಂದು ಹೆಜ್ಜೆ ಮುಂದೆ ಬಂದಳು.